ಆಲ್ಕೇನ್‌ಗಳನ್ನು ಉರುಹೊಡೆಯದೆ ಕಲಿಯುವುದು ಹೇಗೆ: ಮಣ್ಣಿನ ಉಂಡೆಯಿಂದ ಸಮೀಕರಣದವರೆಗೆ

ಶಿರಸಿ ಕಡೆಯ ತೋಟದ ಮನೆಗಳಲ್ಲಿ ಬೆಳಗಿನ ಚಹಾ ಇಂದಿಗೂ ಎಷ್ಟೋ ಕಡೆ ಗೋಬರ್ ಗ್ಯಾಸಿನ ಒಲೆಯ ಮೇಲೆಯೇ ಕುದಿಯುತ್ತದೆ. ಕೊಟ್ಟಿಗೆಯ ಸಗಣಿ ಗುಂಡಿಯೊಳಗೆ ಗಾಳಿಯಾಡದೆ ಕೊಳೆತು, ಪೈಪಿನಲ್ಲಿ ಅಡುಗೆಮನೆಗೆ ಬರುವ ಆ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಮೀಥೇನ್. ಕಾರ್ಬನ್ ಮತ್ತು ಹೈಡ್ರೋಜನ್ ಎರಡರಿಂದಲೇ ಆದ ಆಲ್ಕೇನ್ ಕುಟುಂಬದಲ್ಲಿ ಎಲ್ಲಕ್ಕಿಂತ ಚಿಕ್ಕದು ಅದೇ. ಆ ಮನೆಯ ಮಗಳು ಮಾತ್ರ ಪಕ್ಕದ ಕೋಣೆಯಲ್ಲಿ ಕುಳಿತು ‘ಮೀಥೇನ್, ಈಥೇನ್, ಪ್ರೊಪೇನ್, ಬ್ಯೂಟೇನ್’ ಎಂದು ಮಗ್ಗಿಯಂತೆ ಹೇಳಿಕೊಳ್ಳುತ್ತಿರುತ್ತಾಳೆ. ಪುಸ್ತಕದ ಮೀಥೇನ್ ಮತ್ತು ಒಲೆಯ ಮೀಥೇನ್ ಒಂದೇ ಎಂದು ಅವಳಿಗೆ ಯಾರೂ ಹೇಳಿರುವುದಿಲ್ಲ.

ಕುಮಟಾದಲ್ಲಿ ಹತ್ತನೆಯ ತರಗತಿಯವರಿಗೆ ಮತ್ತು ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಡುತ್ತ ನಾನು ಕಂಡುಕೊಂಡದ್ದು ಇಷ್ಟು: ಈ ಪಾಠ ಕಷ್ಟವಾಗುವುದು ವಿಷಯದಿಂದಲ್ಲ, ಕಲಿಯುವ ಕ್ರಮದಿಂದ. ಬಹುಪಾಲು ಮಕ್ಕಳು ಹೆಸರಿನಿಂದ ಆರಂಭಿಸುತ್ತಾರೆ. ಹೆಸರು ಬರಬೇಕಾದದ್ದು ಆಮೇಲೆ. ಮೊದಲು ಅಣುವನ್ನು ಕೈಯಲ್ಲಿ ಕಟ್ಟಬೇಕು, ಎಣಿಸಬೇಕು, ತಿರುಗಿಸಿ ನೋಡಬೇಕು. ಹಾಗೆ ಮಾಡಿದರೆ ಸೂತ್ರ, ಕುದಿಬಿಂದು, ಸಮಾಂಗಿ, ಸಮೀಕರಣ ಎಲ್ಲವೂ ಒಂದೇ ಎಳೆಯಿಂದ ಹೊರಡುತ್ತವೆ. ದಿನಕ್ಕೆ ಒಂದು ಗಂಟೆಯಂತೆ ಒಂದು ವಾರ ಕೊಟ್ಟರೆ ಸಾಕು.

ಮೊದಲ ಹಂತ: ಕಾರ್ಬನ್‌ಗೆ ನಾಲ್ಕು ಕೈ

ಕಾರ್ಬನ್ ಪರಮಾಣುವಿನಲ್ಲಿ ಆರು ಎಲೆಕ್ಟ್ರಾನ್‌ಗಳಿವೆ. ಒಳಕವಚದಲ್ಲಿ ಎರಡು, ಹೊರಕವಚದಲ್ಲಿ ನಾಲ್ಕು. ಹೊರಗೆ ಎಂಟು ತುಂಬಿಸಿಕೊಳ್ಳಲು ಅದಕ್ಕೆ ಇನ್ನೂ ನಾಲ್ಕು ಬೇಕು. ನಾಲ್ಕನ್ನು ಪೂರ್ತಿ ಕಿತ್ತುಕೊಳ್ಳುವುದೂ ಕಷ್ಟ, ಇರುವ ನಾಲ್ಕನ್ನು ಬಿಟ್ಟುಕೊಡುವುದೂ ಕಷ್ಟ. ಆದ್ದರಿಂದ ಅದು ಹಂಚಿಕೊಳ್ಳುತ್ತದೆ. ಒಂದೊಂದು ಹಂಚಿಕೆಯೂ ಒಂದು ಸಹವೇಲೆನ್ಸಿ ಬಂಧ. ಹೀಗಾಗಿ ಕಾರ್ಬನ್‌ಗೆ ನಾಲ್ಕು ಕೈ, ಹೈಡ್ರೋಜನ್‌ಗೆ ಒಂದೇ ಕೈ. ಯಾವ ಕೈಯೂ ಖಾಲಿ ಇರಬಾರದು. ಆಲ್ಕೇನ್‌ನಲ್ಲಿ ಪ್ರತಿ ಕೈಯೂ ಬೇರೆ ಬೇರೆ ಪರಮಾಣುವನ್ನು ಹಿಡಿದಿರುತ್ತದೆ, ಎರಡು ಕೈ ಸೇರಿಸಿ ಒಬ್ಬರನ್ನೇ ಹಿಡಿಯುವುದಿಲ್ಲ. ‘ಪರ್ಯಾಪ್ತ’ ಎಂದರೆ ಇಷ್ಟೇ: ಎಲ್ಲ ಬಂಧಗಳೂ ಏಕಬಂಧ, ಇನ್ನೊಂದು ಪರಮಾಣುವಿಗೆ ಜಾಗವಿಲ್ಲ.

ಈಗ ಕೈಕೆಲಸ. ಚೌತಿಯ ಗಣಪತಿ ಮಾಡುವ ಜೇಡಿಮಣ್ಣು ಸಿಕ್ಕರೆ ಬಹಳ ಒಳ್ಳೆಯದು. ಇಲ್ಲದಿದ್ದರೆ ಗಟ್ಟಿಯಾಗಿ ನಾದಿದ ಗೋದಿಹಿಟ್ಟು. ನಿಂಬೆಹಣ್ಣಿನ ಗಾತ್ರದ ಹತ್ತು ಉಂಡೆ ಮಾಡಿ, ಅವು ಕಾರ್ಬನ್. ಹೈಡ್ರೋಜನ್‌ಗೆ ಮಳೆಗಾಲದಲ್ಲಿ ತೋಟದಲ್ಲಿ ಉದುರಿ ಬಿದ್ದ ಎಳೆ ಅಡಿಕೆ ಸಾಕು. ಕರಾವಳಿಯ ಮಕ್ಕಳು ಅದೇ ಮಣ್ಣಿನಲ್ಲಿ ಗೋಲಿಯಷ್ಟು ಸಣ್ಣ ಉಂಡೆ ಮಾಡಿಕೊಳ್ಳಬಹುದು. ಬಂಧಗಳಿಗೆ ತೆಂಗಿನ ಗರಿಯ ಕಡ್ಡಿಯನ್ನು ಬೆರಳುದ್ದ ಮುರಿದುಕೊಳ್ಳಿ.

ಒಂದು ಉಂಡೆಗೆ ನಾಲ್ಕು ಕಡ್ಡಿ ಚುಚ್ಚಿ. ಎಲ್ಲರೂ ಮೊದಲು ಅಧಿಕ ಚಿಹ್ನೆಯಂತೆ, ಚಪ್ಪಟೆಯಾಗಿ ಚುಚ್ಚುತ್ತಾರೆ, ಏಕೆಂದರೆ ಪುಸ್ತಕದ ಚಿತ್ರ ಹಾಗಿದೆ. ಪುಸ್ತಕದ ಹಾಳೆ ಚಪ್ಪಟೆ, ಅಣು ಹಾಗಲ್ಲ. ನಾಲ್ಕು ಬಂಧಗಳೂ ಒಂದರಿಂದೊಂದು ಸಾಧ್ಯವಾದಷ್ಟು ದೂರ ನಿಲ್ಲಬೇಕು. ಮೂರು ಕಡ್ಡಿಗಳನ್ನು ಮುಕ್ಕಾಲಿಯ ಕಾಲುಗಳಂತೆ ಕೆಳಕ್ಕೆ ಹರಡಿ, ನಾಲ್ಕನೆಯದನ್ನು ನೇರ ಮೇಲಕ್ಕೆ ನಿಲ್ಲಿಸಿ. ಯಾವ ಮೂರು ಕಡ್ಡಿಗಳ ಮೇಲೆ ಇಟ್ಟರೂ ಅದು ಒಂದೇ ರೀತಿ ನಿಂತರೆ ನೀವು ಸರಿಯಾಗಿ ಮಾಡಿದ್ದೀರಿ. ಇದೇ ಚತುರ್ಮುಖಿ ಆಕಾರ. ಎರಡು ಬಂಧಗಳ ನಡುವಿನ ಕೋನ 109.5 ಡಿಗ್ರಿ. 1874ರಲ್ಲಿ ವಾನ್ಟ್ ಹಾಫ್ ಮತ್ತು ಲೆ ಬೆಲ್ ಎಂಬ ಇಬ್ಬರು ಯುವಕರು ಪರಸ್ಪರ ಸಂಪರ್ಕವಿಲ್ಲದೆ ಕಾರ್ಬನ್‌ನ ಈ ರೂಪವನ್ನು ಮುಂದಿಟ್ಟರು. ನಾಲ್ಕು ಕಡ್ಡಿಗಳ ತುದಿಗೆ ನಾಲ್ಕು ಎಳೆ ಅಡಿಕೆ ಸಿಕ್ಕಿಸಿ. ನಿಮ್ಮ ಕೈಯಲ್ಲಿರುವುದು ಮೀಥೇನ್.

ಎರಡನೆಯ ಹಂತ: ಸರಪಳಿ ಬೆಳೆಸಿ, ಸೂತ್ರವನ್ನು ನೀವೇ ಕಂಡುಹಿಡಿಯಿರಿ

ಮೀಥೇನ್‌ನ ಒಂದು ಅಡಿಕೆ ಕಿತ್ತು ಆ ಕಡ್ಡಿಗೆ ಇನ್ನೊಂದು ಮಣ್ಣಿನ ಉಂಡೆ ಸೇರಿಸಿ. ಹೊಸ ಉಂಡೆಗೆ ಮೂರು ಕೈ ಖಾಲಿ. ಮೂರು ಅಡಿಕೆ ಸಿಕ್ಕಿಸಿ. ಎಣಿಸಿ: ಎರಡು ಕಾರ್ಬನ್, ಆರು ಹೈಡ್ರೋಜನ್. ಇನ್ನೊಮ್ಮೆ ಹಾಗೆಯೇ ಮಾಡಿದರೆ ಮೂರು ಮತ್ತು ಎಂಟು. ಮತ್ತೊಮ್ಮೆ ಮಾಡಿದರೆ ನಾಲ್ಕು ಮತ್ತು ಹತ್ತು.

ಈಗ ಸರಪಳಿಯನ್ನು ಮೇಜಿನ ಮೇಲೆ ಮಲಗಿಸಿ ನೋಡಿ. ಪ್ರತಿ ಕಾರ್ಬನ್‌ನ ಎರಡು ಪಕ್ಕದಲ್ಲಿ ಒಂದೊಂದು ಹೈಡ್ರೋಜನ್, ಅಂದರೆ ತಲಾ ಎರಡು. ಅದರ ಜೊತೆಗೆ ಸರಪಳಿಯ ಎರಡು ತುದಿಗಳನ್ನು ಮುಚ್ಚಲು ಒಂದೊಂದು. ಎನ್ ಕಾರ್ಬನ್‌ಗಳಿದ್ದರೆ ಹೈಡ್ರೋಜನ್ 2ಎನ್ + 2. ಆ ಕೊನೆಯ ‘ಕೂಡಿಸು ಎರಡು’ ಎಲ್ಲಿಂದ ಬಂತು ಎಂದು ಮಕ್ಕಳನ್ನು ಕೇಳುತ್ತೇನೆ. ಉರುಹೊಡೆದವರು ಸುಮ್ಮನಾಗುತ್ತಾರೆ. ಕಟ್ಟಿ ನೋಡಿದವರು ಎರಡು ತುದಿಗಳನ್ನು ಬೆರಳಿಟ್ಟು ತೋರಿಸುತ್ತಾರೆ.

ಒಂದು ಸದಸ್ಯನಿಂದ ಮುಂದಿನದಕ್ಕೆ ಪ್ರತಿಬಾರಿಯೂ ಸೇರುವುದು ಒಂದು ಕಾರ್ಬನ್, ಎರಡು ಹೈಡ್ರೋಜನ್. ಕಾರ್ಬನ್‌ನ ತೂಕ 12, ಹೈಡ್ರೋಜನ್‌ನದು 1. ಹೀಗಾಗಿ ಅಣುರಾಶಿ ಪ್ರತಿ ಹೆಜ್ಜೆಗೆ 14 ಏರುತ್ತದೆ: 16, 30, 44, 58. ಹೀಗೆ ಒಂದೇ ಅಳತೆಯ ಮೆಟ್ಟಿಲುಗಳಲ್ಲಿ ಬೆಳೆಯುವ ಸಾಲಿಗೆ ಅನುರೂಪ ಶ್ರೇಣಿ ಎಂದು ಹೆಸರು.

ಈ ನಾಲ್ಕು ಅಂಕಿಗಳನ್ನು ಮರೆಯಬೇಡಿ, ಅಡುಗೆಮನೆಯಲ್ಲಿ ಅವು ಜೀವ ಉಳಿಸುತ್ತವೆ. ಗಾಳಿಯ ಸರಾಸರಿ ಅಣುರಾಶಿ ಸುಮಾರು 29. ಮೀಥೇನ್ 16, ಗಾಳಿಗಿಂತ ಹಗುರ, ಮೇಲೇರುತ್ತದೆ. ಸಿಲಿಂಡರಿನ ಗ್ಯಾಸಿನಲ್ಲಿರುವ ಪ್ರೊಪೇನ್ 44, ಬ್ಯೂಟೇನ್ 58. ಎರಡೂ ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೆ ನೀರಿನಂತೆ ಹರಡಿ, ತಗ್ಗಿನಲ್ಲಿ ನಿಲ್ಲುತ್ತದೆ. ಅದಕ್ಕೇ ವಾಸನೆ ಬಂದ ತಕ್ಷಣ ಸ್ವಿಚ್ ಮುಟ್ಟದೆ, ರೆಗ್ಯುಲೇಟರ್ ಮುಚ್ಚಿ, ಕಿಟಕಿಯ ಜೊತೆಗೆ ಹೊಸ್ತಿಲ ಬಾಗಿಲನ್ನೂ ತೆರೆಯಬೇಕು. ಅಂದ ಹಾಗೆ, ಆ ವಾಸನೆ ಆಲ್ಕೇನ್‌ನದಲ್ಲ. ಪ್ರೊಪೇನ್, ಬ್ಯೂಟೇನ್‌ಗಳಿಗೆ ನಮ್ಮ ಮೂಗಿಗೆ ತಿಳಿಯುವಂಥ ವಾಸನೆಯಿಲ್ಲ. ಸೋರಿಕೆ ಗೊತ್ತಾಗಲೆಂದು ಈಥೈಲ್ ಮರ್ಕ್ಯಾಪ್ಟನ್ ಎಂಬ ಗಂಧಕದ ಸಂಯುಕ್ತವನ್ನು ಸ್ವಲ್ಪವೇ ಬೆರೆಸುತ್ತಾರೆ.

ಮೂರನೆಯ ಹಂತ: ಹೆಸರುಗಳು

ಮೊದಲ ನಾಲ್ಕನ್ನು ನೆನಪಿಡಲೇಬೇಕು, ಬೇರೆ ದಾರಿಯಿಲ್ಲ: ಮೀಥೇನ್, ಈಥೇನ್, ಪ್ರೊಪೇನ್, ಬ್ಯೂಟೇನ್. ಇವು ಹಳೆಯ ಹೆಸರುಗಳು. ಬ್ಯೂಟೇನ್‌ನ ಮೂಲದಲ್ಲಿ ಬೆಣ್ಣೆಗೆ ಇರುವ ಲ್ಯಾಟಿನ್ ಪದವಿದೆ. ಮುಗ್ಗಿದ ಬೆಣ್ಣೆಯ ವಾಸನೆಗೆ ಕಾರಣವಾದ ಆಮ್ಲದಲ್ಲಿ ನಾಲ್ಕು ಕಾರ್ಬನ್‌ಗಳಿರುವುದರಿಂದ ಆ ಹೆಸರು ಇಲ್ಲಿಗೂ ಬಂತು.

ಐದರಿಂದ ಮುಂದಕ್ಕೆ ಕನ್ನಡದ ಮಕ್ಕಳಿಗೆ ಬಹಳ ಸುಲಭ. ಪೆಂಟ್ ಎಂದರೆ ಐದು, ನಮ್ಮ ‘ಪಂಚ’. ಹೆಪ್ಟ್ ಎಂದರೆ ‘ಸಪ್ತ’, ಆಕ್ಟ್ ಎಂದರೆ ‘ಅಷ್ಟ’, ನಾನ್ ಎಂದರೆ ‘ನವ’, ಡೆಕ್ ಎಂದರೆ ‘ದಶ’. ಹೆಕ್ಸ್ ಕೂಡ ‘ಷಟ್’ನ ದೂರದ ನೆಂಟನೇ. ಗ್ರೀಕ್, ಲ್ಯಾಟಿನ್, ಸಂಸ್ಕೃತ ಒಂದೇ ಭಾಷಾಕುಟುಂಬಕ್ಕೆ ಸೇರಿರುವುದರಿಂದ ಈ ಹೋಲಿಕೆ ಕಾಕತಾಳೀಯವಲ್ಲ. ಪಂಚಾಂಗ, ಸಪ್ತಪದಿ, ಅಷ್ಟಮಿ, ನವರಾತ್ರಿ, ದಶಮಿ ಗೊತ್ತಿರುವ ಮಗುವಿಗೆ ಪೆಂಟೇನ್, ಹೆಪ್ಟೇನ್, ಆಕ್ಟೇನ್, ನೋನೇನ್, ಡೆಕೇನ್ ಅಪರಿಚಿತವಲ್ಲ.

ನಾಲ್ಕನೆಯ ಹಂತ: ಸಮಾಂಗಿಗಳು. ಇಲ್ಲಿ ಅವಸರ ಬೇಡ

ವಾರದ ಎರಡು ದಿನ ಇದಕ್ಕೇ ಮೀಸಲಿಡಿ. ನಾಲ್ಕು ಉಂಡೆಗಳನ್ನು ಎಷ್ಟು ರೀತಿ ಜೋಡಿಸಬಹುದು? ಒಂದು, ಉದ್ದ ಸಾಲು. ಇನ್ನೊಂದು, ಮೂರರ ಸಾಲಿನ ನಡುವಿನ ಉಂಡೆಗೆ ನಾಲ್ಕನೆಯದನ್ನು ಕೊಂಬೆಯಂತೆ ಸೇರಿಸುವುದು. ಎರಡರಲ್ಲೂ ಹತ್ತೇ ಹೈಡ್ರೋಜನ್. ಸೂತ್ರ ಒಂದೇ, ಕಟ್ಟಡ ಬೇರೆ. ಇವು ರಚನಾ ಸಮಾಂಗಿಗಳು. ಪೆಂಟೇನ್‌ಗೆ ಮೂರು, ಹೆಕ್ಸೇನ್‌ಗೆ ಐದು. ಡೆಕೇನ್ ತಲುಪುವಷ್ಟರಲ್ಲಿ 75.

ಒಮ್ಮೆ ತರಗತಿಯಲ್ಲಿ ಒಬ್ಬ ಹುಡುಗಿ ಹೆಕ್ಸೇನ್‌ಗೆ ಆರು ಸಮಾಂಗಿ ಬರೆದು ತಂದಳು. ಐದೇ ಎಂದು ನಾನು ಹೇಳಿದರೆ ಒಪ್ಪಲಿಲ್ಲ. ಹಾಳೆಯ ಮೇಲೆ ಆರು ಚಿತ್ರಗಳು ನಿಜಕ್ಕೂ ಬೇರೆ ಬೇರೆಯಾಗಿ ಕಾಣುತ್ತಿದ್ದವು. ಆರನ್ನೂ ಕಟ್ಟು ಎಂದೆ. ಕಟ್ಟಿದಳು, ಸಾಲಾಗಿ ಇಟ್ಟಳು. ಒಂದರಲ್ಲಿ ಕೊಂಬೆ ಎಡದಿಂದ ಎರಡನೆಯ ಉಂಡೆಯ ಮೇಲಿತ್ತು, ಇನ್ನೊಂದರಲ್ಲಿ ಎಡದಿಂದ ನಾಲ್ಕನೆಯದರ ಕೆಳಗಿತ್ತು. ಎರಡನೆಯದನ್ನು ಎತ್ತಿ ತಿರುಗಿಸಿದಳು. ಕೊಂಬೆ ಮೇಲೆ ಬಂತು, ನಾಲ್ಕು ಎರಡಾಯಿತು. ಎರಡನ್ನೂ ಒಂದರ ಮೇಲೊಂದು ಹಿಡಿದು ನೋಡಿ, ಏನೂ ಮಾತಾಡದೆ ತನ್ನ ಹಾಳೆಯ ಆರನೆಯ ಚಿತ್ರವನ್ನು ತಾನೇ ಹೊಡೆದುಹಾಕಿದಳು. ನಾನು ನೂರು ಸಲ ಹೇಳಿದ್ದರೂ ಆಗದ ಕೆಲಸವನ್ನು ಆ ಮಣ್ಣು ಮಾಡಿತು.

ಹಾಳೆಯ ಮೇಲೆ ಮಾಡುವಾಗ ಒಂದು ಶಿಸ್ತು ಇಟ್ಟುಕೊಳ್ಳಿ. ಮೊದಲು ಪೂರ್ತಿ ಉದ್ದದ ಸರಪಳಿ. ಆಮೇಲೆ ಒಂದು ಕಾರ್ಬನ್ ಕಡಿಮೆ ಮಾಡಿ ಅದನ್ನು ಕೊಂಬೆಯಾಗಿ ಒಳಗಿನ ಒಂದೊಂದೇ ಜಾಗಕ್ಕೆ ಹಚ್ಚಿ, ನಡು ದಾಟಬೇಡಿ, ದಾಟಿದರೆ ಹಳೆಯದೇ ತಿರುಗಿ ಬರುತ್ತದೆ. ಅದು ಮುಗಿದ ಮೇಲೆ ಎರಡು ಕಾರ್ಬನ್ ಕಡಿಮೆ ಮಾಡಿ. ಕೊಂಬೆಯನ್ನು ಸರಪಳಿಯ ತುದಿಗೆ ಮಾತ್ರ ಎಂದೂ ಹಚ್ಚಬೇಡಿ. ತುದಿಗೆ ಹಚ್ಚಿದ್ದು ಕೊಂಬೆಯಲ್ಲ, ಸರಪಳಿಯೇ ಉದ್ದವಾಯಿತು.

ಕೊಂಬೆ ಇರುವವಕ್ಕೆ ಹೆಸರಿಡುವ ಕೆಲಸವೂ ಇಲ್ಲಿಯೇ ಸೇರುತ್ತದೆ. ಅತಿ ಉದ್ದದ ಸರಪಳಿಯನ್ನು ಹುಡುಕಿ. ಅದು ಹಾಳೆಯ ಮೇಲೆ ನೆಟ್ಟಗಿರಬೇಕೆಂದಿಲ್ಲ. ಕುಮಟಾದಿಂದ ಶಿರಸಿಗೆ ಹೋಗುವ ರಸ್ತೆ ದೇವಿಮನೆ ಘಟ್ಟದಲ್ಲಿ ಎಷ್ಟು ತಿರುವು ತೆಗೆದುಕೊಂಡರೂ ಒಂದೇ ರಸ್ತೆ. ಸರಪಳಿಯೂ ಹಾಗೆ, ಬೆರಳು ಎತ್ತದೆ ಸಾಗಬಹುದಾದ ಅತಿ ದೂರದ ದಾರಿ. ಕೊಂಬೆ ಹತ್ತಿರವಿರುವ ತುದಿಯಿಂದ ಅಂಕಿ ಹಾಕಿ. ಒಂದು ಕಾರ್ಬನ್‌ನ ಕೊಂಬೆ ಮೀಥೈಲ್, ಎರಡರದು ಈಥೈಲ್. ಹೀಗೆ ಪೆಂಟೇನ್‌ನ ಮೂರು ಸಮಾಂಗಿಗಳು: ಪೆಂಟೇನ್, 2-ಮೀಥೈಲ್‌ಬ್ಯೂಟೇನ್, 2,2-ಡೈಮೀಥೈಲ್‌ಪ್ರೊಪೇನ್.

ಪರೀಕ್ಷೆಯಲ್ಲಿ ಮಕ್ಕಳು ಜಾರುವ ಜಾಗವೊಂದಿದೆ. ಯಾರಾದರೂ ‘2-ಈಥೈಲ್‌ಪ್ರೊಪೇನ್’ ಎಂದು ಬರೆದರೆ ಬೆರಳಿಟ್ಟು ಎಣಿಸಿ: ಕೊಂಬೆಯ ಮೂಲಕ ಹೋದರೆ ನಾಲ್ಕರ ಸಾಲು ಸಿಗುತ್ತದೆ. ಅದು 2-ಮೀಥೈಲ್‌ಬ್ಯೂಟೇನ್ ಅಷ್ಟೇ. ಎರಡು ಬಗೆಯ ಕೊಂಬೆಗಳಿದ್ದರೆ ಇಂಗ್ಲಿಷ್ ಅಕ್ಷರಕ್ರಮದಲ್ಲಿ ಬರೆಯಬೇಕು, ಈಥೈಲ್ ಮೊದಲು, ಮೀಥೈಲ್ ಆಮೇಲೆ. ಡೈ, ಟ್ರೈ ಎಂಬ ಎಣಿಕೆಯ ಪದಗಳು ಆ ಕ್ರಮದ ಲೆಕ್ಕಕ್ಕೆ ಬರುವುದಿಲ್ಲ.

ಐದನೆಯ ಹಂತ: ಕುದಿಬಿಂದುವಿನ ನಕ್ಷೆ

ಒಂದು ಗ್ರಾಫ್ ಹಾಳೆ ತೆಗೆದುಕೊಳ್ಳಿ. ಅಡ್ಡಗೆರೆಯಲ್ಲಿ ಕಾರ್ಬನ್ ಸಂಖ್ಯೆ, ಲಂಬಗೆರೆಯಲ್ಲಿ ಸೆಲ್ಸಿಯಸ್ ಡಿಗ್ರಿಗಳಲ್ಲಿ ಕುದಿಬಿಂದು. ಮೀಥೇನ್ –162, ಈಥೇನ್ –89, ಪ್ರೊಪೇನ್ –42, ಬ್ಯೂಟೇನ್ –0.5, ಪೆಂಟೇನ್ 36, ಹೆಕ್ಸೇನ್ 69, ಹೆಪ್ಟೇನ್ 98, ಆಕ್ಟೇನ್ 126. ಚುಕ್ಕೆ ಸೇರಿಸಿದರೆ ಗೆರೆ ಮೇಲೇರುತ್ತದೆ, ಆದರೆ ಏರು ನಿಧಾನವಾಗುತ್ತ ಹೋಗುತ್ತದೆ. ಮೊದಲ ಜಿಗಿತ 73 ಡಿಗ್ರಿ, ಕೊನೆಯದು 28. ಒಂದಕ್ಕೆ ಒಂದು ಸೇರಿದರೆ ಗಾತ್ರ ಹೆಚ್ಚುಕಡಿಮೆ ಇಮ್ಮಡಿ. ಏಳಕ್ಕೆ ಒಂದು ಸೇರಿದರೆ ಅಷ್ಟೇನೂ ವ್ಯತ್ಯಾಸವಿಲ್ಲ.

ಅಣು ದೊಡ್ಡದಾದಂತೆ ಕುದಿಬಿಂದು ಏಕೆ ಏರುತ್ತದೆ? ಆಲ್ಕೇನ್ ಅಣುಗಳ ನಡುವೆ ಇರುವುದು ದುರ್ಬಲವಾದ ಆಕರ್ಷಣೆ, ತೀರಾ ಹತ್ತಿರ ಬಂದಾಗ ಮಾತ್ರ ಕೆಲಸ ಮಾಡುವಂಥದ್ದು. ಮೈಗೆ ಮೈ ತಾಗುವ ಜಾಗ ಹೆಚ್ಚಿದಷ್ಟು ಹಿಡಿತ ಹೆಚ್ಚು. ಕಸಬರಿಗೆಯ ಕಡ್ಡಿಗಳು ಉದ್ದಕ್ಕೂ ಒಂದಕ್ಕೊಂದು ಅಂಟಿ ಮಲಗುತ್ತವೆ. ಅಡಿಕೆಗಳನ್ನು ರಾಶಿ ಹಾಕಿದರೆ ಒಂದಕ್ಕೊಂದು ತಾಗುವುದು ಅಲ್ಲಲ್ಲಿ ಒಂದು ಬಿಂದುವಿನಲ್ಲಿ. ನೇರ ಸರಪಳಿಯ ಪೆಂಟೇನ್ ಕಡ್ಡಿಯಂತೆ, 36 ಡಿಗ್ರಿಯಲ್ಲಿ ಕುದಿಯುತ್ತದೆ. ಒಂದು ಕೊಂಬೆಯ ಸಮಾಂಗಿ 28ರಲ್ಲಿ. ಎರಡು ಕೊಂಬೆಗಳಿಂದ ಉಂಡೆಯಾದದ್ದು ಅಡಿಕೆಯಂತೆ, 9.5ರಲ್ಲೇ. ಮೂರಕ್ಕೂ ತೂಕ ಒಂದೇ, 72. ‘ಕವಲು ಹೆಚ್ಚಾದಂತೆ ಕುದಿಬಿಂದು ಇಳಿಯುತ್ತದೆ’ ಎಂಬ ಪಿಯುಸಿ ಪ್ರಶ್ನೆಗೆ ಉತ್ತರ ಇದೇ.

ಈ ನಕ್ಷೆಯ ಮೇಲೆ 30 ಡಿಗ್ರಿಗೆ ಅಡ್ಡಗೆರೆ ಎಳೆಯಿರಿ, ಅದು ಕಾರವಾರದ ಒಂದು ಸಾಧಾರಣ ಹಗಲು. ಗೆರೆಯ ಕೆಳಗಿರುವ ನಾಲ್ಕು ಅನಿಲಗಳು, ಮೇಲಿನವು ದ್ರವಗಳು. ಪೆಟ್ರೋಲಿನಲ್ಲಿರುವುದು ಸುಮಾರು ಐದರಿಂದ ಹನ್ನೆರಡು ಕಾರ್ಬನ್‌ಗಳ ಹೈಡ್ರೋಕಾರ್ಬನ್‌ಗಳು. ಬೈತಖೋಲ ಬಂದರಿನ ದೋಣಿಗಳು ತುಂಬಿಸಿಕೊಳ್ಳುವ ಡೀಸೆಲ್‌ನಲ್ಲಿ ಇನ್ನೂ ಉದ್ದದವು. ಪೆಟ್ರೋಲ್ ಚೆಲ್ಲಿದರೆ ಕ್ಷಣದಲ್ಲಿ ಆರುತ್ತದೆ, ಡೀಸೆಲ್ ಬಹಳ ಹೊತ್ತು ಜಿಡ್ಡಾಗಿ ಉಳಿಯುತ್ತದೆ. ಕಾರಣ ನಿಮ್ಮ ಗ್ರಾಫಿನಲ್ಲೇ ಇದೆ. ಹದಿನೆಂಟು ಅಥವಾ ಅದಕ್ಕಿಂತ ಹೆಚ್ಚು ಕಾರ್ಬನ್ ಇರುವವು ಘನ ಎಂದು ಪುಸ್ತಕಗಳು ಹೇಳುತ್ತವೆ. ಅದು 25 ಡಿಗ್ರಿಯ ಲೆಕ್ಕ. ಹದಿನೆಂಟರ ಆಕ್ಟಾಡೆಕೇನ್ ಕರಗುವುದು 28 ಡಿಗ್ರಿಯಲ್ಲಿ. ನಮ್ಮ ಕರಾವಳಿಯ ಏಪ್ರಿಲ್ ಮಧ್ಯಾಹ್ನದಲ್ಲಿ ಅದು ದ್ರವವೇ. ಮೇಣದಬತ್ತಿಯ ಮೇಣದಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಕಾರ್ಬನ್‌ಗಳ ಸರಪಳಿಗಳಿರುವುದರಿಂದ ಅದು ಗಟ್ಟಿಯಾಗಿ ನಿಲ್ಲುತ್ತದೆ.

ಮಳೆ ಬಿದ್ದ ದಿನ ಬಂದರಿನ ನೀರಿನ ಮೇಲೆ ಬಣ್ಣಬಣ್ಣದ ಪದರ ತೇಲುವುದನ್ನು ಕಂಡಿರುತ್ತೀರಿ. ಆಲ್ಕೇನ್ ನೀರಿಗಿಂತ ಹಗುರ, ನೀರಿನಲ್ಲಿ ಕರಗುವುದಿಲ್ಲ. ಎರಡೂ ಮಾತು ಆ ಒಂದು ಪದರದಲ್ಲಿವೆ.

ಆರನೆಯ ಹಂತ: ಉರಿ, ಮತ್ತು ಸಮೀಕರಣ ಸರಿದೂಗಿಸುವುದು

ಮನೆಯ ಹಿರಿಯರು ಜೊತೆಯಲ್ಲಿರುವಾಗ ಮಾತ್ರ ಇದನ್ನು ಮಾಡಿ. ಒಂದು ಸ್ಟೀಲ್ ಪಾತ್ರೆಗೆ ತಣ್ಣೀರು ತುಂಬಿ, ಹೊರಮೈಯನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿ, ಹೊತ್ತಿಸಿದ ಒಲೆಯ ಮೇಲಿಟ್ಟು ಬಗ್ಗಿ ನೋಡಿ. ಮೊದಲ ಕೆಲವು ಕ್ಷಣ ಪಾತ್ರೆಯ ಹೊರಮೈ ಮಂಜಾಗುತ್ತದೆ, ಸಣ್ಣ ಹನಿಗಳು ಮೂಡುತ್ತವೆ, ಪಾತ್ರೆ ಕಾದಂತೆ ಮಾಯವಾಗುತ್ತವೆ. ಆ ನೀರು ಪಾತ್ರೆಯೊಳಗಿನಿಂದ ಬಂದದ್ದಲ್ಲ, ಉರಿಯಿಂದ ಬಂದದ್ದು. ಆಲ್ಕೇನ್‌ನ ಹೈಡ್ರೋಜನ್ ಗಾಳಿಯ ಆಕ್ಸಿಜನ್ ಜೊತೆ ಸೇರಿ ನೀರಾಗುತ್ತದೆ, ಕಾರ್ಬನ್ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಸಮೀಕರಣದ ಬಲಗಡೆಯನ್ನು ಕಣ್ಣಾರೆ ಕಂಡ ಮೇಲೆ ಅದನ್ನು ಮರೆಯುವುದು ಸಾಧ್ಯವಿಲ್ಲ.

ಸರಿದೂಗಿಸುವಾಗ ಕ್ರಮ ತಪ್ಪಬೇಡಿ: ಮೊದಲು ಕಾರ್ಬನ್, ಆಮೇಲೆ ಹೈಡ್ರೋಜನ್, ಆಕ್ಸಿಜನ್ ಎಲ್ಲಕ್ಕಿಂತ ಕೊನೆಗೆ. ಪ್ರೊಪೇನ್‌ನಲ್ಲಿ ಮೂರು ಕಾರ್ಬನ್, ಆದ್ದರಿಂದ ಮೂರು ಕಾರ್ಬನ್ ಡೈಆಕ್ಸೈಡ್. ಎಂಟು ಹೈಡ್ರೋಜನ್, ಆದ್ದರಿಂದ ನಾಲ್ಕು ನೀರು. ಬಲಗಡೆ ಆಕ್ಸಿಜನ್ ಪರಮಾಣು ಆರು ಕೂಡಿಸು ನಾಲ್ಕು, ಹತ್ತು. ಎಡಗಡೆ ಐದು ಆಕ್ಸಿಜನ್ ಅಣು. ಬ್ಯೂಟೇನ್‌ಗೆ ಇದೇ ರೀತಿ ಮಾಡಿದರೆ ಆರೂವರೆ ಅಣು ಬರುತ್ತದೆ. ಗಾಬರಿ ಬೇಡ, ಇಡೀ ಸಾಲನ್ನು ಎರಡರಿಂದ ಗುಣಿಸಿ: ಎರಡು ಬ್ಯೂಟೇನ್, ಹದಿಮೂರು ಆಕ್ಸಿಜನ್, ಎಂಟು ಕಾರ್ಬನ್ ಡೈಆಕ್ಸೈಡ್, ಹತ್ತು ನೀರು.

ಈಗ ಒಂದು ಲೆಕ್ಕ. 58 ಗ್ರಾಂ ಬ್ಯೂಟೇನ್ ಉರಿದರೆ ಐದು ನೀರಿನ ಅಣುಗಳ ಲೆಕ್ಕದಲ್ಲಿ 90 ಗ್ರಾಂ ನೀರು. ಮನೆಯ ಸಿಲಿಂಡರಿನಲ್ಲಿ 14.2 ಕಿಲೋ ಗ್ಯಾಸ್ ಇರುತ್ತದೆ. ಅದೆಲ್ಲ ಬ್ಯೂಟೇನ್ ಎಂದೇ ಹಿಡಿದರೆ, ಪೂರ್ತಿ ಉರಿಯುವಷ್ಟರಲ್ಲಿ ಅಡುಗೆಮನೆಯ ಗಾಳಿಗೆ ಸುಮಾರು 22 ಕಿಲೋ ನೀರು ಆವಿಯಾಗಿ ಸೇರಿರುತ್ತದೆ. ಸಿಲಿಂಡರಿನಲ್ಲಿ ಇದ್ದದ್ದಕ್ಕಿಂತ ಹೆಚ್ಚು! ಆ ನೀರಿನಲ್ಲಿ ಸಿಲಿಂಡರಿನಿಂದ ಬಂದದ್ದು ಹೈಡ್ರೋಜನ್ ಮಾತ್ರ, ಉಳಿದ ತೂಕ ಗಾಳಿಯ ಆಕ್ಸಿಜನ್‌ನದು.

ಗಾಳಿ ಸಾಲದಿದ್ದರೆ ಜ್ವಾಲೆ ಹಳದಿಯಾಗುತ್ತದೆ, ಪಾತ್ರೆಯ ತಳಕ್ಕೆ ಮಸಿ ಹಿಡಿಯುತ್ತದೆ. ಆ ಮಸಿ ಉರಿಯದೆ ಉಳಿದ ಕಾರ್ಬನ್. ಅದರ ಜೊತೆಗೆ ಕಣ್ಣಿಗೆ ಕಾಣದ ವಿಷಾನಿಲ ಕಾರ್ಬನ್ ಮೊನಾಕ್ಸೈಡ್ ಕೂಡ ಹುಟ್ಟುತ್ತದೆ. ಬರ್ನರಿನ ಗಾಳಿಕಿಂಡಿ ಶುಚಿಯಾಗಿರಬೇಕು ಎನ್ನುವುದು ಇದಕ್ಕೇ. ಗೋಬರ್ ಗ್ಯಾಸಿನ ಬರ್ನರಿನ ತೂತುಗಳು ಸಿಲಿಂಡರ್ ಒಲೆಗಿಂತ ದೊಡ್ಡವು. ಆ ಅನಿಲದಲ್ಲಿ ಉರಿಯದ ಕಾರ್ಬನ್ ಡೈಆಕ್ಸೈಡೂ ಬೆರೆತಿರುವುದರಿಂದ ಅಷ್ಟೇ ಶಾಖಕ್ಕೆ ಹೆಚ್ಚು ಅನಿಲ ಬೇಕು.

ಏಳನೆಯ ಹಂತ: ಕ್ಲೋರಿನ್

ಉರಿಯುವುದನ್ನು ಬಿಟ್ಟರೆ ಆಲ್ಕೇನ್‌ಗಳು ಸುಲಭದಲ್ಲಿ ಯಾವುದರ ಜೊತೆಗೂ ವರ್ತಿಸುವುದಿಲ್ಲ. ಅವುಗಳ ಹಳೆಯ ಹೆಸರು ಪ್ಯಾರಾಫಿನ್. ‘ಒಲವು ಕಡಿಮೆ’ ಎಂಬ ಅರ್ಥದ ಲ್ಯಾಟಿನ್ ಪದಗಳಿಂದ ಬಂದದ್ದು. ನೀರು ತಾಗಿದರೆ ಸಿಡಿಯುವ ಸೋಡಿಯಂ ಲೋಹವನ್ನು ಪ್ರಯೋಗಾಲಯದಲ್ಲಿ ಸೀಮೆಎಣ್ಣೆಯೊಳಗೆ ಮುಳುಗಿಸಿ ಇಡುವುದು ಈ ಗುಣವನ್ನು ನಂಬಿಯೇ. ಆದರೆ ಸೂರ್ಯನ ಬೆಳಕಿನಲ್ಲಿ ಕ್ಲೋರಿನ್ ಮೀಥೇನ್‌ನ ಒಂದು ಹೈಡ್ರೋಜನ್ ಕಿತ್ತು ಆ ಜಾಗದಲ್ಲಿ ತಾನು ಕೂರುತ್ತದೆ. ಇದು ಆದೇಶನ ಕ್ರಿಯೆ. ನಿಮ್ಮ ಮಾದರಿಯಲ್ಲಿ ಒಂದು ಅಡಿಕೆ ತೆಗೆದು ಬೇರೆ ಬಣ್ಣದ ಉಂಡೆ ಸಿಕ್ಕಿಸಿ. ಒಂದೊಂದಾಗಿ ನಾಲ್ಕನ್ನೂ ಬದಲಿಸಬಹುದು. ಕೈ ಖಾಲಿ ಇಲ್ಲದಿರುವುದರಿಂದ ಸುಮ್ಮನೆ ಸೇರಿಸಲು ಬರುವುದಿಲ್ಲ, ತೆಗೆದೇ ಹಾಕಬೇಕು. ಉತ್ತರದಲ್ಲಿ ‘ಸೂರ್ಯನ ಬೆಳಕಿನಲ್ಲಿ’ ಎಂಬ ಮಾತು ಬಿಟ್ಟರೆ ಅಂಕ ಹೋಗುತ್ತದೆ.

ಕನ್ನಡ ಮಾಧ್ಯಮದ ಮಕ್ಕಳಿಗೆ ಒಂದು ಮಾತು

ಎಸ್‌ಎಸ್‌ಎಲ್‌ಸಿಯನ್ನು ಕನ್ನಡದಲ್ಲಿ ಚೆನ್ನಾಗಿ ಮುಗಿಸಿ, ಪಿಯುಸಿ ವಿಜ್ಞಾನಕ್ಕೆ ಬಂದು ಮೊದಲ ತಿಂಗಳಲ್ಲೇ ಧೈರ್ಯ ಕಳೆದುಕೊಂಡ ಮಕ್ಕಳನ್ನು ನಾನು ಬಹಳ ಕಂಡಿದ್ದೇನೆ. ಅವರಿಗೆ ವಿಷಯ ಗೊತ್ತಿರುತ್ತದೆ, ಪದ ಗೊತ್ತಿರುವುದಿಲ್ಲ. ಈಗಿನಿಂದಲೇ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಎರಡು ಕಂಬ ಹಾಕಿಕೊಳ್ಳಿ: ಪರ್ಯಾಪ್ತ ಎದುರಿಗೆ ಸ್ಯಾಚುರೇಟೆಡ್, ಸಮಾಂಗಿ ಎದುರಿಗೆ ಐಸೋಮರ್, ಅನುರೂಪ ಶ್ರೇಣಿ ಎದುರಿಗೆ ಹೋಮೋಲಾಗಸ್ ಸೀರೀಸ್, ಆದೇಶನ ಎದುರಿಗೆ ಸಬ್‌ಸ್ಟಿಟ್ಯೂಷನ್, ದಹನ ಎದುರಿಗೆ ಕಂಬಶ್ಚನ್. ಇಂಗ್ಲಿಷ್ ಕಂಬವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆದು ಅಭ್ಯಾಸ ಮಾಡಿ. ಈ ಪಾಠಕ್ಕೆ ಇಪ್ಪತ್ತು ಪದ ಸಾಕು. ಅರ್ಥವನ್ನು ಕನ್ನಡದಲ್ಲಿ ಗಟ್ಟಿ ಮಾಡಿಕೊಂಡ ಮಗುವಿಗೆ ಇನ್ನೊಂದು ಭಾಷೆಯ ಹೆಸರು ಕಲಿಯಲು ಹೆಚ್ಚು ದಿನ ಬೇಕಾಗುವುದಿಲ್ಲ.

ವಾರದ ಕೊನೆಯ ದಿನ ಪುಸ್ತಕ ಮುಚ್ಚಿಟ್ಟು ಹೆಪ್ಟೇನ್‌ನ ಸಮಾಂಗಿಗಳನ್ನು ಬರೆಯಿರಿ, ಪ್ರತಿಯೊಂದಕ್ಕೂ ಹೆಸರು ಕೊಡಿ. ಒಂಬತ್ತು ಬರಬೇಕು. ಹತ್ತು ಬಂದರೆ ಯಾವುದೋ ಒಂದನ್ನು ತಿರುಗಿಸಿ ನೋಡಿಲ್ಲ. ಎಂಟೇ ಬಂದರೆ 3-ಈಥೈಲ್‌ಪೆಂಟೇನ್ ನಿಮ್ಮ ಪಟ್ಟಿಯಲ್ಲಿದೆಯೇ ನೋಡಿ. ಹೆಚ್ಚಿನವರು ಬಿಟ್ಟುಬಿಡುವುದು ಅದನ್ನೇ.